12 ಇಂಚಿನ ಮನುಷ್ಯ: ದುಡ್ಡು ಕೊಡೋ ಮುಂಚೆ ಏನೇನು ನೋಡ್ಬೇಕು?

ಇವತ್ತಿನ ಎಪಿಸೋಡ್ ನನ್ನ ಕಪಾಟಿನಿಂದ ಶುರು.

ನಾಲ್ಕು ವರ್ಷದ ಹಿಂದೆ ಮೊದಲ ಕೆಲಸದಲ್ಲಿದ್ದಾಗ ಒಂದು ಕಲೆಕ್ಟಿಬಲ್ ಫಿಗರ್ ತಗೊಂಡೆ. ಲೆದರ್ ಜಾಕೆಟ್ ಹಾಕಿದ ನಡುವಯಸ್ಸಿನ ಪೈಲಟ್. ಬೆಲೆ ನನ್ನ ಒಂದು ತಿಂಗಳ ಸಂಬಳಕ್ಕೆ ಹತ್ರ ಹತ್ರ. "ಇಷ್ಟು ದುಡ್ಡು ಕೊಟ್ಟು ಗೊಂಬೆ ತಂದ್ಯಾ?" ಅಂದ್ರು ಅಮ್ಮ. ಮಂಗಳೂರಿನ ಎರಡು ಮಳೆಗಾಲ ಕಳೀತು. ಒಂದಿನ ಕಪಾಟು ತೆಗೆದ್ರೆ ಜಾಕೆಟ್ಟಿನ ಭುಜದಿಂದ ಚಕ್ಕೆ ಚಕ್ಕೆ ಉದುರ್ತಾ ಇದೆ. ಕಂಪನಿ ಹೆಸರು ಬೇಡ ಬಿಡಿ. ತಪ್ಪು ನಂದೂ ಇತ್ತು: ಮುಖ ನೋಡಿ ತಗೊಂಡಿದ್ದೆ, ಮೆಟೀರಿಯಲ್ ನೋಡಿರಲಿಲ್ಲ.

ಮೊದಲು ಅಳತೆ. ಇವು 1/6 ಸ್ಕೇಲ್ ಫಿಗರ್‌ಗಳು. ಅಂದ್ರೆ ಆರಡಿ ಗಂಡಸು 12 ಇಂಚು ಆಗ್ತಾನೆ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಜಿ.ಐ. ಜೋ ಸೈನಿಕನನ್ನ ತಂದಿದ್ದು ಹೆಚ್ಚುಕಮ್ಮಿ ಇದೇ ಎತ್ತರದಲ್ಲಿ. ಗಂಡು ಹುಡುಗರು 'ಡಾಲ್' ಅಂದ್ರೆ ತಗೊಳ್ಳಲ್ಲ ಅಂತ 'ಆ್ಯಕ್ಷನ್ ಫಿಗರ್' ಅನ್ನೋ ಹೆಸರಿಟ್ಟು ಮಾರಿದ್ರು. 2000ದಲ್ಲಿ ಹಾಂಗ್‌ಕಾಂಗ್‌ನಲ್ಲಿ ಶುರುವಾದ ಹಾಟ್ ಟಾಯ್ಸ್ ಮೊದಲು ಮಿಲಿಟರಿ ಫಿಗರ್ ಮಾಡ್ತಿತ್ತು, ಆಮೇಲೆ ಸಿನಿಮಾ ಪಾತ್ರಗಳಿಗೆ ಬಂತು. ಈಗ ಇಂಥ ಫಿಗರ್‌ಗಳು ದೊಡ್ಡವರ ಕಪಾಟಿಗೇ ಅಂತ ತಯಾರಾಗ್ತವೆ.

ಸರಿ, ಏನು ನೋಡ್ಬೇಕು?

ಒಂದು, ಮುಖ. ಫೋಟೋ ಜೂಮ್ ಮಾಡಿ. ಎರಡೂ ಕಣ್ಣು ಒಂದೇ ಕಡೆ ನೋಡ್ತಿವೆಯಾ? ಮನುಷ್ಯರ ಚರ್ಮ ಒಂದೇ ಬಣ್ಣ ಇರಲ್ಲ: ಮೂಗಿನ ತುದಿ, ಕಿವಿ ಸ್ವಲ್ಪ ಕೆಂಪು, ಗಡ್ಡದ ಜಾಗ ಸ್ವಲ್ಪ ಬೂದು. ಒಳ್ಳೆ ಕೆಲಸದಲ್ಲಿ ತೆಳು ಬಣ್ಣದ ಪದರಗಳಿರ್ತವೆ. ಕೆಟ್ಟ ಕೆಲಸದಲ್ಲಿ ಮುಖ ಮೇಣದ ಥರ ಮಿರಮಿರ ಅನ್ನುತ್ತೆ. ಇನ್ನೊಂದು ಮಾತು, ಕಂಪನಿಯ ಜಾಹೀರಾತು ಫೋಟೋ ನಂಬ್ಬೇಡಿ. ಅದು ಹೆಚ್ಚಾಗಿ ಪ್ರೊಟೋಟೈಪ್‌ದು. ಕೊಂಡವರು ಮನೆಯ ಬೆಳಕಲ್ಲಿ ತೆಗೆದ ಫೋಟೋ ಹುಡುಕಿ.

ಎರಡು, ಮೈ. ಸಾಮಾನ್ಯವಾಗಿ ಒಳಗಿನ ದೇಹ ಗಟ್ಟಿ ಎಬಿಎಸ್ ಪ್ಲಾಸ್ಟಿಕ್, ತಲೆ ಮತ್ತು ಕೈ ಮೆತ್ತಗಿನ ಪಿವಿಸಿ. ಮಣಿಕಟ್ಟಿನ ಪಿನ್ ಬಹಳ ಸಣ್ಣದು. ಕೈ ಬದಲಿಸುವಾಗ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿದ್ರೆ ಪಿವಿಸಿ ಮೆತ್ತಗಾಗಿ ಪಿನ್ ಮುರಿಯಲ್ಲ. ಜಾಯಿಂಟ್ ಕಾಣದ, ಸ್ಟೀಲ್ ಅಸ್ಥಿಪಂಜರದ ಮೇಲೆ ಸಿಲಿಕೋನ್ ಹೊದಿಸಿದ ದೇಹಗಳೂ ಇವೆ. ನೋಡೋಕೆ ನಿಜ ಮೈಯೇ. ಆದ್ರೆ ತಿಂಗಳುಗಟ್ಟಲೆ ಮೊಣಕೈ ಮಡಚಿಟ್ರೆ ಅಲ್ಲೇ ಹರಿಯಬಹುದು. ಕಡು ಬಣ್ಣದ ಬಟ್ಟೆ ಹಾಕಿದ್ರೆ ಕಲೆ ಹಿಡಿಯುತ್ತೆ.

ಮೂರು, ಬಟ್ಟೆ. ನನ್ನ ಕೈ ಸುಟ್ಟಿದ್ದು ಇಲ್ಲೇ. 'ಲೆದರ್‌ಲೈಕ್' ಅಂತ ಬರೆದಿದ್ರೆ ಅದು ಬಹುತೇಕ ಪಾಲಿಯುರೆಥೇನ್, ಅಂದ್ರೆ ಪಿಯು. ಗಾಳಿಯ ತೇವ ಅದರ ಒಳಗಿನ ಕೊಂಡಿಗಳನ್ನ ನಿಧಾನಕ್ಕೆ ಮುರಿಯುತ್ತೆ. ಇದಕ್ಕೆ ಹೈಡ್ರಾಲಿಸಿಸ್ ಅಂತಾರೆ. ಡಬ್ಬಿಯಲ್ಲಿಟ್ರೂ ಇದು ನಿಲ್ಲಲ್ಲ. ಕರಾವಳಿ, ಮಲೆನಾಡಿನವರು ಕಾಟನ್ ಬಟ್ಟೆಯ ಪಾತ್ರ ಆರಿಸ್ಕೊಳ್ಳೋದು ಜಾಣತನ. ಇಲ್ಲಾಂದ್ರೆ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ಅದನ್ನ ಆಗಾಗ ಬದಲಿಸ್ತಾ ಇರಿ.

ನಾಲ್ಕು, ಜಾಗ. ನೇರ ಬಿಸಿಲಿಗೆ ಎಬಿಎಸ್ ಹಳದಿಯಾಗುತ್ತೆ. ಗಾಳಿಯಾಡದೆ ಬಿಸಿಯಾದ ಜಾಗದಲ್ಲಿ ಪಿವಿಸಿಯ ಪ್ಲಾಸ್ಟಿಸೈಸರ್ ಹೊರಗೆ ಬಂದು ಮೈ ಅಂಟಂಟಾಗುತ್ತೆ. ಬಣ್ಣ ಹಚ್ಚದ ಭಾಗವಾದ್ರೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯೋ ಸೋಪು ಸಾಕು.

ನಾನು ಬಿ.ಕಾಂ. ಓದಿದೋನು, ಲೆಕ್ಕ ಬಿಡೋಕೆ ಆಗಲ್ಲ. 'ಇದು ಇನ್ವೆಸ್ಟ್‌ಮೆಂಟ್' ಅಂತ ಯಾರಾದ್ರೂ ಹೇಳಿದ್ರೆ ಡಿಪ್ರಿಸಿಯೇಶನ್ ನೆನಪಿಸ್ಕೊಳ್ಳಿ. ಉದುರಿದ ಜಾಕೆಟ್ಟಿಗೆ ರೀಸೇಲ್ ವ್ಯಾಲ್ಯೂ ಇಲ್ಲ. ಹೊಸಾದು ಅರ್ಧ ಬೆಲೆಗೆ ಸಿಗ್ತಿದೆ ಅಂದ್ರೆ ಅದು ನಕಲಿ ಇರೋ ಸಾಧ್ಯತೆನೇ ಜಾಸ್ತಿ. ಡಬ್ಬಿಯ ಮುದ್ರಣ, ಲೈಸೆನ್ಸ್ ಗುರುತು ನೋಡಿ. ಇಎಂಐನಲ್ಲಂತೂ ತಗೋಬೇಡಿ.

ಕೊನೆಗೆ ನನ್ನ ಪೈಲಟ್ ಕಥೆ. ಅಮ್ಮ ಹಳೇ ಕಾಟನ್ ಸೀರೆಯ ತುಂಡಲ್ಲಿ ಅವನಿಗೊಂದು ಶರ್ಟ್ ಹೊಲಿಯೋಕೆ ಕೂತ್ರು. ಎರಡು ಸಂಜೆ ಹೋಯ್ತು. ಬಟ್ಟೆ ದಪ್ಪ ಆಗಿ ಕಾಲರ್ ಮಡಚೋಕೇ ಆಗ್ತಿಲ್ಲ. ಆಮೇಲೆ ಆ ಉದುರಿದ ಜಾಕೆಟ್ಟನ್ನ ಕೈಗೆ ತಗೊಂಡು, ಕನ್ನಡಕ ಏರಿಸಿ ಹೊಲಿಗೆ ನೋಡಿದ್ರು. "ಬಟ್ಟೆ ಕೆಟ್ಟದ್ದು ಕಣೋ. ಆದ್ರೆ ಇದನ್ನ ಹೊಲಿದವರ ಕೈ ಚೆನ್ನಾಗಿದೆ" ಅಂದ್ರು.

ನಾಲ್ಕು ವರ್ಷದಲ್ಲಿ ನಾನು ಕಲಿತಿದ್ದು ಅಷ್ಟೇ. ಕೈಕೆಲಸ ಬೇರೆ, ಮೆಟೀರಿಯಲ್ ಬೇರೆ. ದುಡ್ಡು ಕೊಡೋ ಮುಂಚೆ ಎರಡನ್ನೂ ಕೇಳಿ. ಪೈಲಟ್ ಈಗ ಸೀರೆ ಶರ್ಟ್ ಹಾಕ್ಕೊಂಡು ನಿಂತಿದ್ದಾನೆ, ಕಾಲರ್ ಇಲ್ಲ. ಮುಂದಿನ ವಾರ ಸಿಗೋಣ.