ದೂರವಲ್ಲ, ಮೊದಲ ಹತ್ತು ಸೆಕೆಂಡ್ ಮುಖ್ಯ

ಹೊಳಲ್ಕೆರೆಯಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಬಿಎಂಎಕ್ಸ್ ರೇಸರ್ ಆಗುವ ಹುಚ್ಚು. ಭಾನುವಾರ ಬಂದರೆ ಸೈಕಲ್ ಹತ್ತಿ ಹೊಸದುರ್ಗಕ್ಕೆ ಹೋಗಿ ಬರುತ್ತಾನೆ. ‘ಅಷ್ಟು ದೂರ ತುಳಿದ್ರೂ ಸುಸ್ತಾಗಲ್ಲ ಅಣ್ಣಾ’ ಎನ್ನುತ್ತಾನೆ. ನಾನೂ ಶಹಬ್ಬಾಸ್ ಎನ್ನುತ್ತಿದ್ದೆ. ಆ ಆಟದ ಲೆಕ್ಕ ನೋಡಿದ ಮೇಲೆ ಇಬ್ಬರದೂ ತಪ್ಪು ಎಂದು ತಿಳಿಯಿತು.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ ಬಿಎಂಎಕ್ಸ್ ರೇಸ್‌ನಲ್ಲಿ ಎಂಟು ಸವಾರರು ದಿಬ್ಬದ ಮೇಲಿನ ಗೇಟ್‌ನಿಂದ ಒಟ್ಟಿಗೆ ಹೊರಡುತ್ತಾರೆ. 20 ಇಂಚಿನ ಚಕ್ರ, ಒಂದೇ ಗೇರ್. 300ರಿಂದ 400 ಮೀಟರ್ ಟ್ರ್ಯಾಕ್ 40 ಸೆಕೆಂಡ್ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲ ತಿರುವಿಗೆ ಮುಂದೆ ಹೋದವರನ್ನು ಹಿಂದಿಕ್ಕುವುದು ಕಷ್ಟ.

ಈ ಶಕ್ತಿ ಬರುವುದು ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟ ಇಂಧನದಿಂದ. ಹತ್ತು ಸೆಕೆಂಡಿಗೆ ಅದು ಬಹುಪಾಲು ಖಾಲಿ. ಮತ್ತೆ ತುಂಬಲು ಮೂರ್ನಾಲ್ಕು ನಿಮಿಷ ಬೇಕು. ಹಾಗಾಗಿ ನಿಂತಲ್ಲಿಂದ 5-10 ಸೆಕೆಂಡ್ ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿಯಬೇಕು, ಪೂರ್ತಿ ಸುಧಾರಿಸಿಕೊಂಡು ಮತ್ತೆ ತುಳಿಯಬೇಕು. ಆರು ಸಲ, ವಾರಕ್ಕೆ ಎರಡು ದಿನ ಸಾಕು.

ನಮ್ಮಲ್ಲಿ ಟ್ರ್ಯಾಕ್ ಎಲ್ಲಿದೆ ಎನ್ನಬೇಡಿ. ಬಾಲ್ಯದಲ್ಲಿ ಬಿಎಂಎಕ್ಸ್ ಓಡಿಸುತ್ತಿದ್ದ ಬ್ರಿಟನ್ನಿನ ಕ್ರಿಸ್ ಹೋಯ್ ಮುಂದೆ ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಆರು ಒಲಿಂಪಿಕ್ ಚಿನ್ನ ಗೆದ್ದರು. ಕಲಿತ ವೇಗ ವ್ಯರ್ಥವಾಗದು. ಆದರೆ ಚಿತ್ರದುರ್ಗ-ಹಿರಿಯೂರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಈ ಸಾಹಸ ಬೇಡ. ಶಾಲಾ ಮೈದಾನದ 50 ಮೀಟರ್, ತಲೆಗೊಂದು ಹೆಲ್ಮೆಟ್ ಇದ್ದರೆ ಆಯಿತು.

ಕಳೆದ ಭಾನುವಾರ ತಮ್ಮನನ್ನು ಮೈದಾನಕ್ಕೆ ಕರೆದೊಯ್ದೆ. ಮೂರನೇ ಸ್ಪ್ರಿಂಟಿಗೇ ನೆಲಕ್ಕೆ ಕುಳಿತ. ಹೊಸದುರ್ಗಕ್ಕೆ ಹೋಗಿ ಬಂದಾಗಲೂ ಇಷ್ಟು ಸುಸ್ತಾಗಿರಲಿಲ್ಲವಂತೆ!