ತಕ ತಕ ತಕಿಟ: ಗೋವಾದ ತುತ್ತೂರಿ, ಬಲ್ಗೇರಿಯದ ಹೆಜ್ಜೆ

ಗೋವಾದ ಪೋಂಡಾ ತಾಲ್ಲೂಕಿನ ಕೆರಿ ಎಂಬ ಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ದನಿ ಈಗ ನಕ್ಷತ್ರಗಳ ನಡುವಿನ ಕತ್ತಲಲ್ಲಿ ಸಾಗುತ್ತಿದೆ. 1977ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಮುಲಾಮಿನ ಒಂದೊಂದು ತಾಮ್ರದ ಧ್ವನಿತಟ್ಟೆಯಿದೆ. ಅದರಲ್ಲಿ ಕೇಸರಬಾಯಿಯವರ ಭೈರವಿ ಮೂರೂವರೆ ನಿಮಿಷ ಇದೆ. ಬಲ್ಗೇರಿಯದ ರೋಡೋಪಿ ಬೆಟ್ಟಸೀಮೆಯ ವಾಲ್ಯಾ ಬಾಲ್ಕಾನ್ಸ್ಕಾ, ನಮ್ಮ ತಿತ್ತಿಯಂಥ ಚೀಲವಾದ್ಯದ ಶ್ರುತಿಗೆ ಹಾಡಿದ ಜನಪದ ಗೀತೆಯೂ ಇದೆ. ಲೂಯಿ ಆರ್ಮ್‌ಸ್ಟ್ರಾಂಗ್ ಊದಿದ ಜಾಝ್ ಕೂಡ ಇದೆ. ಎರಡನೆಯ ನೌಕೆ ಹೊರಟು ಹನ್ನೊಂದು ದಿನಕ್ಕೆ ಕೇಸರಬಾಯಿ ತೀರಿಕೊಂಡರು.

ಗೋವಾ, ಬಲ್ಗೇರಿಯ, ಜಾಝ್. ಮೂರೂ ಒಂದೇ ಪಂಕ್ತಿಯಲ್ಲಿ ಕೂತಿವೆ, ಆದರೆ ಒಂದೇ ಎಲೆಯಲ್ಲಿ ಉಂಡಿಲ್ಲ. ಭೂಮಿಯ ಮೇಲೆ ಹಾಗೆ ಉಂಡವರು ಇದ್ದಾರೆ.

ಈಚೆಗೆ ಫ್ಯೂಷನ್ ಎಂದರೆ ಸಾಕು, ಸ್ಯಾಕ್ಸೊಫೋನಿನ ಪಕ್ಕ ಒಂದು ಡೋಲು ಕೂರಿಸಿಬಿಡುತ್ತಾರೆ. ಮದುವೆ ಮನೆಯಲ್ಲಿ ಪರಿಚಯವೇ ಇಲ್ಲದ ಬೀಗರಿಬ್ಬರನ್ನು ಫೋಟೊಗೆ ನಿಲ್ಲಿಸಿದ ಹಾಗಿರುತ್ತದೆ ಅದು. ವಾದ್ಯ ಪಕ್ಕಪಕ್ಕ ಕೂತ ಮಾತ್ರಕ್ಕೆ ಸಂಗೀತ ಬೆರೆಯುವುದಿಲ್ಲ. ಬೆರೆಯಬೇಕಾದದ್ದು ಲೆಕ್ಕ, ಕಾಲು ಎಲ್ಲಿ ನೆಲ ಮುಟ್ಟುತ್ತದೆ ಎಂಬ ಲೆಕ್ಕ.

ಓದುತ್ತಿರುವಲ್ಲೇ ಮೇಜಿನ ಮೇಲೆ ಬೆರಳು ಬಡಿದು ನೋಡಿ. ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು, ನಾಲ್ಕು, ಒಟ್ಟು ಏಳು. ನಮ್ಮ ಮಿಶ್ರ ಛಾಪು. ಈಗ ಅದನ್ನೇ ಹಿಂದುಮುಂದಾಗಿಸಿ: ತಕ ತಕ ತಕಿಟ. ಎರಡು, ಎರಡು, ಮೂರು. ಇದು ಬಲ್ಗೇರಿಯದ ರಾಚೆನಿತ್ಸಾ, ಅಲ್ಲಿನ ಮದುವೆಗಳಲ್ಲಿ ಕುಣಿಯುವ ಕುಣಿತ. ತಕ ತಕಿಟ ಎಂದರೆ ಪೈದುಷ್ಕೊ. ನಮ್ಮ ಖಂಡ ಛಾಪಿನ ಐದೇ ಅದು. ತಕ ತಕ ತಕಿಟ ತಕ ತಕ ಎಂದು ಹನ್ನೊಂದು ಎಣಿಸಿದರೆ ಕೊಪಾನಿತ್ಸಾ. ಅಲ್ಲಿನ ಹಳ್ಳಿಯ ಹೆಂಗಸರು ಕೈಕೈ ಹಿಡಿದು ಸಾಲಾಗಿ ಈ ಹನ್ನೊಂದಕ್ಕೆ ಹೆಜ್ಜೆ ಹಾಕುವಾಗ ಯಾರೂ ಎಣಿಸುವುದಿಲ್ಲ. ಎಣಿಸಿ ಬೆವರುವವರು ಹೊರಗಿನಿಂದ ಬಂದ ಪಂಡಿತರು. ಹಂಗೆರಿಯ ಬೇಲಾ ಬಾರ್ಟೋಕ್ ಈ ಲೆಕ್ಕಕ್ಕೆ ಮರುಳಾಗಿ ಬಲ್ಗೇರಿಯದ ಲಯದಲ್ಲಿ ಆರು ಪಿಯಾನೊ ನೃತ್ಯಗಳನ್ನೇ ಬರೆದ.

ಜಾಝ್ ಆ ದೇಶಕ್ಕೆ ಹೋದಾಗ ಏನಾಯಿತು ಎಂಬುದು ಸ್ವಾರಸ್ಯದ ಕತೆ. ಪ್ಲೋವ್ದಿವ್ ಊರಿನಲ್ಲಿ 1937ರಲ್ಲಿ ಹುಟ್ಟಿದ ಪಿಯಾನೊವಾದಕ ಮಿಲ್ಚೊ ಲೆವಿಯೆವ್, ಊರಿನ ಈ ಏಳು–ಹನ್ನೊಂದರ ಲೆಕ್ಕವನ್ನು ಜಾಝ್‌ಗೆ ತಂದವರಲ್ಲಿ ಮೊದಲ ಸಾಲಿನವನು. 1970ರಲ್ಲಿ ದೇಶ ಬಿಟ್ಟು ಅಮೆರಿಕದ ಡಾನ್ ಎಲಿಸ್ ಎಂಬ ತುತ್ತೂರಿಗಾರನ ತಂಡ ಸೇರಿದ. 1971ರ ‘ಟಿಯರ್ಸ್ ಆಫ್ ಜಾಯ್’ ಆಲ್ಬಮ್ಮಿನಲ್ಲಿರುವ ‘ಬಲ್ಗೇರಿಯನ್ ಬಲ್ಜ್’ ಎಂಬ ರಚನೆ ಅವನು ಒಯ್ದ ಬುತ್ತಿ. ಎಲಿಸ್‌ಗೆ ಈ ವಕ್ರ ತಾಳಗಳ ಹುಚ್ಚು ಹತ್ತಿಸಿದ್ದು ಬಲ್ಗೇರಿಯನ್ನರಲ್ಲ. ರವಿಶಂಕರರ ಶಿಷ್ಯ ಹರಿಹರ ರಾವ್ ಅವರ ಹತ್ತಿರ ಲಾಸ್ ಏಂಜಲೀಸಿನಲ್ಲಿ ಅವನು ತಾಳ ಕಲಿತಿದ್ದ. 1960ರ ದಶಕದಲ್ಲಿ ಅವರೊಂದಿಗೆ ‘ಹಿಂದೂಸ್ತಾನಿ ಜಾಝ್ ಸೆಕ್ಸ್‌ಟೆಟ್’ ಎಂಬ ತಂಡ ಕಟ್ಟಿದ್ದ. ಹೀಗೆ ಇಂಡಿಯಾದ ಮೇಷ್ಟರ ಹತ್ತಿರ ಎಣಿಸಲು ಕಲಿತ ಅಮೆರಿಕದವನ ಮನೆಗೆ, ಎಣಿಸದೆಯೇ ಕುಣಿಯುವ ಊರಿನವನು ಬಂದು ಸೇರಿದ.

ಈಗ ಗೋವಾಕ್ಕೆ ಬರೋಣ. ಅಲ್ಲಿನ ಕತೆ ಬೇರೆ.

1510ರಿಂದ 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಆ ನೆಲದಲ್ಲಿ, ಚರ್ಚಿನ ಪಕ್ಕದ ಶಾಲೆಯಲ್ಲಿ ಹುಡುಗರಿಗೆ ಸಂಗೀತದ ಬರಹ ಓದಲು ಕಲಿಸುತ್ತಿದ್ದರು. ಕಲಿಸುವವನು ‘ಮೆಸ್ತ್ರಿ’. ನಮ್ಮ ಗಾರೆ ಕೆಲಸದ ಮೇಸ್ತ್ರಿಯೂ ಅದೇ ಪೋರ್ಚುಗೀಸ್ ಪದದ ಕೂಸು. ಗೋವಾದ ಮೆಸ್ತ್ರಿಯೂ ಒಂದು ರೀತಿಯಲ್ಲಿ ಗೋಡೆ ಕಟ್ಟುವವನೇ: ಮೊದಲು ಸ್ವರ ಹೇಳಿಸಬೇಕು, ಕೈಯಲ್ಲಿ ತಾಳ ಹಾಕಿಸಬೇಕು, ಅದು ನೆಟ್ಟಗೆ ನಿಂತ ಮೇಲೆ ಪಿಟೀಲು ಕೊಡಬೇಕು. ಹೀಗೆ ಕಲಿತ ಹುಡುಗರು ಕೆಲಸ ಹುಡುಕಿ ಮುಂಬಯಿ, ಕಲ್ಕತ್ತ, ಕರಾಚಿಯ ಹೋಟೆಲುಗಳಿಗೆ ಹೋದರು. ಅಲ್ಡೋನಾ ಊರಿನ ಆಂಟೋನಿಯೊ ಶಾವಿಯೆರ್ ವಾಜ್ ‘ಚಿಕ್ ಚಾಕಲೇಟ್’ ಎಂಬ ಹೆಸರಿನಲ್ಲಿ ತುತ್ತೂರಿ ಊದಿ ಇಂಡಿಯಾದ ಲೂಯಿ ಆರ್ಮ್‌ಸ್ಟ್ರಾಂಗ್ ಅನ್ನಿಸಿಕೊಂಡ. ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆ ದುಡಿದ. 1951ರ ‘ಅಲ್‌ಬೇಲಾ’ದಲ್ಲಿ ಅವನ ತಂಡ ತೆರೆಯ ಮೇಲೂ ಕಾಣಿಸಿಕೊಂಡಿತು.

ಹಿಂದಿ ಸಿನಿಮಾದವರಿಗೆ ಈ ಗೋವನ್ನರು ಬೇಕಾದದ್ದು ಬಹುಮಟ್ಟಿಗೆ ಓದಲು ಬರೆಯಲು ಬರುತ್ತಿದ್ದುದಕ್ಕೆ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಮೇಲೆ ಒಂದು ಧಾಟಿ ಹೇಳುತ್ತಿದ್ದ. ಅದನ್ನು ನಲವತ್ತು ಜನ ಒಟ್ಟಿಗೆ ನುಡಿಸುವ ಹಾಗೆ ಹಾಳೆಗೆ ಇಳಿಸುವುದು ಸೆಬಾಸ್ಟಿಯನ್ ಡಿಸೋಜ, ಆಂಟನಿ ಗೊನ್ಸಾಲ್ವಿಸ್ ಅಂಥವರ ಕೆಲಸ. ತೆರೆಯ ಮೇಲೆ ಅವರ ಹೆಸರು ಬಂದರೆ ‘ಸಹಾಯಕ’ ಎಂದು, ಅನೇಕ ಸಲ ಅದೂ ಇಲ್ಲ. ಮಜೋರ್ಡಾ ಊರಿನ ಆಂಟನಿ ಗೊನ್ಸಾಲ್ವಿಸ್ 1958ರಲ್ಲಿ ಮುಂಬಯಿಯಲ್ಲಿ ರಾಗಗಳಿಗೆ ದೊಡ್ಡ ವಾದ್ಯವೃಂದದ ಮೈ ಕೊಡುವ ಸಾಹಸ ಮಾಡಿದರು. ಲತಾ, ಮನ್ನಾ ಡೇ ಅದರಲ್ಲಿ ಹಾಡಿದರು. ಇವತ್ತು ಅವರ ಹೆಸರು ಜನರ ಬಾಯಲ್ಲಿರುವುದು ಪಿಟೀಲಿನ ಶಿಷ್ಯ ಪ್ಯಾರೇಲಾಲ್ ಗುರುದಕ್ಷಿಣೆಯಾಗಿ ಕೊಟ್ಟ ಸಿನಿಮಾ ಹಾಡಿನಿಂದ. ಮೊಟ್ಟೆಯೊಳಗಿಂದ ಅಮಿತಾಭ್ ಎದ್ದು ಬಂದು ಆ ಹೆಸರು ಹೇಳುವ ‘ಅಮರ್ ಅಕ್ಬರ್ ಆಂಟನಿ’ ಬಿಡುಗಡೆಯಾದದ್ದೂ 1977ರಲ್ಲೇ.

ಇಷ್ಟೆಲ್ಲ ಆದರೂ ಜಾಝ್ ಗೋವಾದ್ದಾಯಿತೇ? ನನ್ನನ್ನು ಕೇಳಿದರೆ, ಅದು ಗೋವಾದ್ದಾದದ್ದು ಕ್ರಿಸ್ ಪೆರಿಯಿಂದ. ಮಡಗಾಂವಿನ ಬೋರ್ಡಾದ ಈ ಮನುಷ್ಯ ತುತ್ತೂರಿಯನ್ನೂ ಸ್ಯಾಕ್ಸೊಫೋನನ್ನೂ ಊದುತ್ತಿದ್ದ. ಇಂಗ್ಲಿಷ್ ಹಾಡು ಹಾಡಿಸುವುದು ಬಿಟ್ಟು ಕೊಂಕಣಿಯಲ್ಲಿ ಬರೆದು, ಲೋರ್ನಾ ಕೊರ್ಡೆರೊ ಎಂಬ ಹುಡುಗಿಯ ಕೈಲಿ ಹಾಡಿಸಿದ. ಮುಂಬಯಿಯ ನೈಟ್‌ಕ್ಲಬ್ಬಿನ ಹೊಗೆ, ಹಿತ್ತಾಳೆಯ ಗದ್ದಲ, ಅದರೊಳಗೆ ಮನೆಮಾತು. ಲೋರ್ನಾಳ ಗಂಟಲಲ್ಲಿ ಒಂದು ಒರಟುತನವಿದೆ. ಒಣಮೆಣಸಿನಕಾಯಿ ಹುರಿದ ಘಾಟಿನಂಥದ್ದು. ಅವರಿಬ್ಬರೂ ಬೇರೆಯಾದ ಮೇಲೆ ಆಕೆ ದಶಕಗಳಷ್ಟು ಕಾಲ ವೇದಿಕೆಯಿಂದ ದೂರವಿದ್ದು, 1995ರಲ್ಲಿ ಮತ್ತೆ ಬಂದಾಗ ಗೋವಾಕ್ಕೆ ಗೋವಾವೇ ಕಿವಿಗೊಟ್ಟಿತು. ಮುಂದೆ ಬರ್ಡ್ರಾಯ್ ಬರೆಟೊ ಇವರ ಹಾಡುಗಳನ್ನೇ ಪೋಣಿಸಿ ‘ನಾಚೊಂಯಾ ಕುಂಪಾಸಾರ್’ ಎಂಬ ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಆ ಹೆಸರನ್ನೇ ನೋಡಿ. ಪೋರ್ಚುಗೀಸಿನ ‘ಕೊಂಪಾಸೊ’ ಕೊಂಕಣಿಗೆ ಬಂದು ‘ಕುಂಪಾಸ್’ ಆಯಿತು. ಅರ್ಥ ತಾಳ. ತಾಳಕ್ಕೆ ಕುಣಿಯೋಣ ಬಾ, ಅಷ್ಟೇ.

ಆದರೆ ಗೋವಾದ ಕುಂಪಾಸ್ ಬಲ್ಗೇರಿಯದಷ್ಟು ಸೊಟ್ಟ ಅಲ್ಲ. ಅಲ್ಲಿನ ಹಾಡುಕುಣಿತಗಳಲ್ಲಿ ಮಾಂಡೊ ಆರರ ಮೇಲೆ ತೂಗುತ್ತ ನಡೆಯುತ್ತದೆ, ಅದರ ಹಿಂದೆಯೇ ಬರುವ ದುಲ್ಪೊದ್ ಅದೇ ಆರನ್ನು ಚುರುಕು ಮಾಡುತ್ತದೆ, ದೆಖ್ಣಿ ಎರಡರ ಹೆಜ್ಜೆ. ‘ಬಾಬಿ’ ಚಿತ್ರದ ಹಾಡಿಗೆ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಎತ್ತಿಕೊಂಡದ್ದು, ನದಿ ದಾಟಿಸು ಎಂದು ಅಂಬಿಗನನ್ನು ಬೇಡುವ ಕಲಾವಂತೆಯ ದೆಖ್ಣಿಯನ್ನೇ. ಹೀಗಾಗಿ ಗೋವನ್ನರಿಗೆ ಜಾಝ್ ಹೆಜ್ಜೆ ಕಷ್ಟ ಕೊಡಲಿಲ್ಲ. ಅವರು ಊರಿನಿಂದ ಸೇರಿಸಿದ್ದು ಮಾತು ಮತ್ತು ಮಾಂಡೊದ ಹಳಹಳಿಕೆ. ತಾಳದ ಕಗ್ಗಂಟು ಬೇಕೆನಿಸಿದಾಗ ಅವರು ಘಟ್ಟ ಹತ್ತಿ ನಮ್ಮ ಕಡೆ ಬರಬೇಕಾಯಿತು.

ಹಾಗೆ ಬಂದವರು ನೆವ್ರಾ ಊರಿನ ಸ್ಯಾಕ್ಸೊಫೋನ್‌ವಾದಕ ಬ್ರಾಜ್ ಗೊನ್ಸಾಲ್ವಿಸ್. 1970ರಲ್ಲೇ ‘ರಾಗ ರಾಕ್’ ಎಂಬ ರೆಕಾರ್ಡು ಮಾಡಿದ್ದವರು. 1978ರಲ್ಲಿ ಮುಂಬಯಿಯಲ್ಲಿ ‘ಜಾಝ್ ಯಾತ್ರಾ’ ಉತ್ಸವ ಶುರುವಾದ ಮೇಲೆ, ಡಾರ್ಜಿಲಿಂಗಿನ ಪಿಯಾನೊವಾದಕ ಲೂಯಿ ಬ್ಯಾಂಕ್ಸ್ ಕಟ್ಟಿದ ಇಂಡೋ–ಜಾಝ್ ತಂಡದಲ್ಲಿ ಬ್ರಾಜ್ ಪಕ್ಕ ನಿಂತು ಹಾಡಿದವರು ಬೆಂಗಳೂರಿನ ಆರ್.ಎ. ರಮಾಮಣಿ. ಆಕೆಯ ಮನೆಯೇ ಲಯದ ಗರಡಿ: ಪತಿ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಅಮೆರಿಕದ ಚಾರ್ಲಿ ಮರಿಯಾನೊ ಇದೇ ಬಳಗದ ಜೊತೆ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಮ್ ತಂದ. ಸ್ಯಾಕ್ಸೊಫೋನ್ ಜೊತೆಗೆ ನಾಗಸ್ವರವನ್ನೂ ಕಲಿತಿದ್ದ ಆಸಾಮಿ ಅವನು. ‘ಜ್ಯೋತಿ’ಯನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಬೇಕು. ರಮಾಮಣಿ ಸ್ವರ ಹಾಕುತ್ತಾರೆ, ಸ್ಯಾಕ್ಸೊಫೋನು ಅದರ ಬೆನ್ನು ಹಿಡಿಯುತ್ತದೆ, ಖಂಜಿರ–ಘಟ ಕೆಳಗಿನಿಂದ ಲೆಕ್ಕ ಹೇಳುತ್ತವೆ. ಬೀಗರ ಫೋಟೊ ಅಲ್ಲ ಅದು. ಸಂಬಂಧ ಕುದುರಿದ ಮನೆ.

ಗೋವಾದ ವಾದ್ಯವೊಂದು ಮಾತ್ರ ಇನ್ನೂ ಈ ಕೂಟಗಳ ಬಾಗಿಲಲ್ಲೇ ನಿಂತ ಹಾಗೆ ನನಗೆ ಅನಿಸುತ್ತದೆ. ಅದು ಘುಮಟ್. ಗೋವಾ ಸರ್ಕಾರ 2019ರಲ್ಲಿ ಅದನ್ನು ತನ್ನ ಪಾರಂಪರಿಕ ವಾದ್ಯವೆಂದು ಸಾರಿತು. ನಮ್ಮ ಅಂಕೋಲಾ, ಕಾರವಾರದ ಕಡೆ ಹಾಲಕ್ಕಿ ಒಕ್ಕಲಿಗರ ಗುಮಟೆಪಾಂಗಿನ ಗುಮಟೆಯೂ ಇದೇ. ಮಂಗಳೂರಿನ ಕ್ರೈಸ್ತರ ಮನೆಯ ಗುಮಟೂ ಇದೇ. ಗಡಿರೇಖೆ ಎಳೆದವರು ಇದನ್ನು ಕೇಳಿರಲಿಲ್ಲ. ಹೊಟ್ಟೆ ಉಬ್ಬಿದ ಮಣ್ಣಿನ ಕೊಡ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ; ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, 1972ರ ವನ್ಯಜೀವಿ ಕಾಯ್ದೆಯ ನಂತರದ ದಿನಗಳಲ್ಲಿ ಆಡಿನದು ಬಂದಿದೆ. ಉಡದ ನಾದ ಇದಕ್ಕಿಲ್ಲ ಎಂದು ಹಳಬರ ಗೊಣಗಾಟ. ಉಡಕ್ಕಂತೂ ನೆಮ್ಮದಿ.

ಚಿಕ್ಕ ಬಾಯಿ ತೆರೆದೇ ಇರುತ್ತದೆ. ಕೊಡವನ್ನು ಕೊರಳಿಗೆ ತೂಗುಹಾಕಿಕೊಂಡ ವಾದಕ ಬಲಗೈಯಲ್ಲಿ ಚರ್ಮ ಬಡಿಯುತ್ತ, ಎಡ ಅಂಗೈಯಿಂದ ಆ ಚಿಕ್ಕ ಬಾಯಿಯನ್ನು ಮುಚ್ಚುತ್ತಾನೆ, ಬಿಡುತ್ತಾನೆ, ಅರ್ಧ ಮುಚ್ಚುತ್ತಾನೆ. ಒಳಗಿನ ಗಾಳಿ ‘ಘುಂ’ ಎಂದು ಏರಿ ‘ವಾಂವ್’ ಎಂದು ಬಾಗುತ್ತದೆ. ಜಾಝ್‌ನ ತುತ್ತೂರಿಗಾರ ರಬ್ಬರಿನ ಬಟ್ಟಲನ್ನು ತುತ್ತೂರಿಯ ಬಾಯಿಗೆ ಅಡ್ಡ ಹಿಡಿದು, ತೆಗೆದು, ಮತ್ತೆ ಹಿಡಿದು ಅದನ್ನು ಮಾತಾಡಿಸುವುದೂ ಎಡಗೈಯಲ್ಲೇ, ಇದೇ ರೀತಿ.