ಅಪರ್ಣಾ ವಸ್ತಾರೆ

ಅಪರ್ಣಾ ವಸ್ತಾರೆ (14 ಅಕ್ಟೋಬರ್ 1966 – 11 ಜುಲೈ 2024) ಕನ್ನಡದ ನಿರೂಪಕಿ, ನಟಿ ಹಾಗೂ ಬಾನುಲಿ ಕಲಾವಿದೆ. ಅಪರ್ಣಾ ಎಂಬ ಒಂದೇ ಹೆಸರಿನಿಂದ ಪರಿಚಿತರಾಗಿದ್ದ ಇವರು ಸ್ಪಷ್ಟ ಉಚ್ಚಾರಣೆಗೂ ಅಚ್ಚುಕಟ್ಟಾದ ಕನ್ನಡಕ್ಕೂ ಹೆಸರಾಗಿದ್ದರು. ಬೆಂಗಳೂರಿನ 'ನಮ್ಮ ಮೆಟ್ರೋ' ರೈಲುಗಳ ಕನ್ನಡ ಪ್ರಕಟಣೆಗಳಿಗೆ ಧ್ವನಿ ನೀಡಿದವರು ಇವರೇ.

ಚಲನಚಿತ್ರ
ಪುಟ್ಟಣ್ಣ ಕಣಗಾಲ್ ಅವರ ಕೊನೆಯ ಚಿತ್ರ 'ಮಸಣದ ಹೂವು' ಅಪರ್ಣಾ ಅವರ ಮೊದಲ ಚಿತ್ರ. ಅಂಬರೀಶ್ ಮತ್ತು ಜಯಂತಿ ಈ ಚಿತ್ರದ ಇತರ ಪ್ರಮುಖ ಕಲಾವಿದರು. ಚಿತ್ರೀಕರಣ ಮುಗಿಯುವ ಮೊದಲೇ, 1985ರಲ್ಲಿ, ಪುಟ್ಟಣ್ಣನವರು ನಿಧನರಾದರು. ಚಿತ್ರವನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು.

ಆಕಾಶವಾಣಿ ಮತ್ತು ದೂರದರ್ಶನ
ಚಿತ್ರರಂಗಕ್ಕಿಂತ ಹೆಚ್ಚಿನ ಮನ್ನಣೆ ಅಪರ್ಣಾ ಅವರಿಗೆ ದೊರೆತದ್ದು ನಿರೂಪಣೆಯಿಂದ. 1993ರಲ್ಲಿ ಬೆಂಗಳೂರು ಆಕಾಶವಾಣಿಯನ್ನು ಸೇರಿದ ಅವರು ಅದರ ಎಫ್‌ಎಂ ವಾಹಿನಿಯಲ್ಲಿ ಕಾರ್ಯಕ್ರಮಗಳನ್ನು ನಡೆಸಿಕೊಟ್ಟರು. ಖಾಸಗಿ ವಾಹಿನಿಗಳು ಇನ್ನೂ ವಿರಳವಾಗಿದ್ದ 1990ರ ದಶಕದಲ್ಲಿ ದೂರದರ್ಶನದ ಕನ್ನಡ ವಾಹಿನಿಯಾದ 'ಚಂದನ'ದ ಕಾರ್ಯಕ್ರಮಗಳ ಮೂಲಕ ಮನೆಮನೆಗೂ ಪರಿಚಿತರಾದರು. 1998ರ ದೀಪಾವಳಿ ಸಂದರ್ಭದಲ್ಲಿ ಎಂಟು ಗಂಟೆಗಳ ಕಾಲ ಸತತವಾಗಿ ಕಾರ್ಯಕ್ರಮವೊಂದನ್ನು ನಿರೂಪಿಸಿದ್ದು ಅವರ ವೃತ್ತಿಜೀವನದ ಮುಖ್ಯ ಸಾಧನೆಗಳಲ್ಲೊಂದು.

ನೇರ ಕಾರ್ಯಕ್ರಮದಲ್ಲಿ ತಪ್ಪಿದ ಮಾತನ್ನು ಅಳಿಸಿ ಹೇಳಲು ಅವಕಾಶವಿಲ್ಲ. ಅತಿಥಿಗಳ ಪರಿಚಯ, ಒಂದು ಭಾಗದಿಂದ ಮತ್ತೊಂದಕ್ಕೆ ಕೊಂಡಿ, ಅನಿರೀಕ್ಷಿತ ವಿಳಂಬವಾದಾಗ ಸಭಿಕರನ್ನು ಹಿಡಿದಿಡುವ ಮಾತು ಇವೆಲ್ಲವೂ ನಿರೂಪಕರ ಹೊಣೆ. ಸರ್ಕಾರಿ ಸಮಾರಂಭಗಳಲ್ಲೂ ಸಾಂಸ್ಕೃತಿಕ ವೇದಿಕೆಗಳಲ್ಲೂ ಈ ಹೊಣೆಯನ್ನು ಅವರು ದಶಕಗಳ ಕಾಲ ನಿರ್ವಹಿಸಿದರು. ಅಲ್ಪಪ್ರಾಣ–ಮಹಾಪ್ರಾಣಗಳ ವ್ಯತ್ಯಾಸ ಕೆಡದಂತೆ, ಅವಸರವಿಲ್ಲದೆ ಆಡುತ್ತಿದ್ದ ಅವರ ಕನ್ನಡವು ನಂತರದ ನಿರೂಪಕರಿಗೆ ಮಾದರಿಯಾಯಿತು.

ಕಿರುತೆರೆ
'ಮೂಡಲ ಮನೆ', 'ಮುಕ್ತ' ಮೊದಲಾದ ಧಾರಾವಾಹಿಗಳಲ್ಲಿ ಅಪರ್ಣಾ ನಟಿಸಿದರು. 2013ರಲ್ಲಿ ಕನ್ನಡ 'ಬಿಗ್ ಬಾಸ್'ನ ಮೊದಲ ಆವೃತ್ತಿಯಲ್ಲಿ ಸ್ಪರ್ಧಿಯಾಗಿದ್ದರು. 2015ರಲ್ಲಿ ಆರಂಭವಾದ 'ಮಜಾ ಟಾಕೀಸ್' ಹಾಸ್ಯ ಕಾರ್ಯಕ್ರಮದ ವರಲಕ್ಷ್ಮಿ ಪಾತ್ರ ಅವರಿಗೆ ಹೊಸ ತಲೆಮಾರಿನ ಪ್ರೇಕ್ಷಕರನ್ನು ತಂದುಕೊಟ್ಟಿತು. ಗಂಭೀರ ನಿರೂಪಕಿಯೆಂದೇ ಅವರನ್ನು ಕಂಡಿದ್ದವರಿಗೆ ಈ ವಿನೋದದ ಪಾತ್ರ ಅಚ್ಚರಿಯಾಗಿತ್ತು.

ಮೆಟ್ರೋ ಧ್ವನಿ
2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ ನಮ್ಮ ಮೆಟ್ರೋ ಸಂಚಾರ ಆರಂಭವಾಯಿತು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಬದಿಗೆ ತೆರೆಯುತ್ತದೆ ಎಂಬ ಸೂಚನೆಗಳು ಅಪರ್ಣಾ ಅವರ ಧ್ವನಿಯಲ್ಲಿ ಮುದ್ರಿತವಾದವು. ಹಲವು ಭಾಷೆಗಳ ಜನರು ವಾಸಿಸುವ ನಗರದಲ್ಲಿ, ಕನ್ನಡ ಅರಿಯದ ಪ್ರಯಾಣಿಕರ ಕಿವಿಗೂ ದಿನನಿತ್ಯ ಬೀಳುವ ಕನ್ನಡ ಅದಾಯಿತು.

ನಿಧನ
ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅಪರ್ಣಾ 2024ರ ಜುಲೈ 11ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ 57 ವರ್ಷ. ಪತಿ ನಾಗರಾಜ ವಸ್ತಾರೆ ವಾಸ್ತುಶಿಲ್ಪಿ ಹಾಗೂ ಲೇಖಕರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸೇರಿದಂತೆ ಅನೇಕ ಗಣ್ಯರು ಸಂತಾಪ ಸೂಚಿಸಿದರು. ಅವರ ಮುಖವನ್ನು ಎಂದೂ ಕಂಡಿರದ ಮೆಟ್ರೋ ಪ್ರಯಾಣಿಕರಲ್ಲಿ ಅನೇಕರು, ತಾವು ನಿತ್ಯ ಕೇಳುತ್ತಿದ್ದ ಧ್ವನಿ ಯಾರದೆಂಬುದನ್ನು ಅರಿತದ್ದು ಈ ಸುದ್ದಿಯಿಂದಲೇ.